ಖಾಲಿ ಇದ್ದರೆ ಕಾಣದ ಸಾಲು

ನಮ್ಮ ಓಣಿಯ ಮಾಬೂಬೀ ಮಗಳು ಶಾಹಿಸ್ತಾ ಪಿ.ಜೆ. ಬಡಾವಣೆಯ ಕಂಪ್ಯೂಟರ್ ಸೆಂಟರಿಗೆ ಕೆಲಸಕ್ಕೆ ಸೇರಿದ್ದು ತೊಂಬತ್ತೆಂಟರಲ್ಲಿ. ಮಂಡಕ್ಕಿ ಭಟ್ಟಿಯಲ್ಲಿ ಬೆಂದು ಓದಿಸಿದ ತಾಯಿಗೆ, ಮಗಳು ಅಲ್ಲಿ ಕೂತು ಏನು ಮಾಡುತ್ತಾಳೋ ತಿಳಿಯದು. ಮಗಳ ಹೆಸರು ಲೋಕಕ್ಕೆಲ್ಲ ಕಾಣುತ್ತದಂತೆ ಎಂಬುದು ಮಾತ್ರ ಗೊತ್ತು. ಅದನ್ನೇ ಓಣಿಗೆಲ್ಲ ಸಾರಿದ್ದಳು.

ಸೆಂಟರಿನ ಮಾಲೀಕ ವಾಮದೇವಪ್ಪ ಊರಿನ ಡಾಕ್ಟರುಗಳ ವೆಬ್‌ಸೈಟ್ ಮಾಡಿಕೊಡಲು ಒಪ್ಪಿದ್ದ. ಪುಟದ ಅಚ್ಚು ಒಂದೇ. ಹೆಸರು, ಓದು, ಮನೆ ಫೋನು, ಆಸ್ಪತ್ರೆ ವಿಳಾಸ ಎಂದು ಕಾಲಂ ತುಂಬಿದರೆ ಒಬ್ಬೊಬ್ಬರಿಗೂ ಒಂದೊಂದು ಪುಟ. ಮನೆಯಲ್ಲಿ ಫೋನಿಲ್ಲದ ಡಾಕ್ಟರೊಬ್ಬರು, ‘ಮನೆ ಫೋನ್’ ಎಂದು ಬರೆದು ಮುಂದೆ ಬೋಳು ಬಿಟ್ಟಿದ್ದೀರಲ್ಲ ಎಂದು ಸಿಡುಕಿದರು. ಶಾಹಿಸ್ತಾ ಅಚ್ಚಿಗೊಂದು ಷರತ್ತು ಬರೆದಳು: ಕಾಲಂ ತುಂಬಿದ್ದರೆ ಮಾತ್ರ ಆ ಸಾಲು ತೋರಿಸು.

“ಖಾಲಿ ಇದ್ರೆ ಸಾಲೇ ಬರಲ್ಲ ಕಾಕಾ. ಇಲ್ಲೇನೋ ಬಿಟ್ಟೈತೆ ಅಂತ ಯಾರಿಗೂ ಗೊತ್ತಾಗಲ್ಲ.”

“ಭೇಷ್ ಮಗಳೆ! ಕೆಳಗೆ ನಿನ್ನ ಹೆಸ್ರಿಗೂ ಒಂದು ಕಾಲಂ ಮಾಡ್ಕ,” ಎಂದ ವಾಮದೇವಪ್ಪ.

ಸೆಂಟರಿನ ಕಂಪ್ಯೂಟರಿನಲ್ಲಿ ‘ರಚನೆ: ಶಾಹಿಸ್ತಾ’ ಎಂದು ಬಂತು. ಹುಡುಗಿ ಹಿಗ್ಗಿ ಹೀರೇಕಾಯಿಯಾದಳು. ಪುಟಗಳನ್ನು ಇಂಟರ್‌ನೆಟ್ಟಿಗೆ ಏರಿಸುವ ಕೆಲಸವನ್ನು ಮಾತ್ರ ವಾಮದೇವಪ್ಪ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ; ಇಂಟರ್‌ನೆಟ್ ಇದ್ದದ್ದು ಅವನ ಮೇಜಿನ ಕಂಪ್ಯೂಟರಿಗಷ್ಟೇ.

ಮರುವರ್ಷ ಹರಿಹರದ ಒಂದು ಕಾರ್ಖಾನೆಯವರು ಇಂಥದೇ ಕೆಲಸಕ್ಕೆ ಸಂದರ್ಶನ ಕರೆದರು. ಆ ಕೆಲಸ ಸಿಕ್ಕರೆ ತಾಯಿಯನ್ನು ಭಟ್ಟಿಯಿಂದ ಬಿಡಿಸಬೇಕೆಂದಿದ್ದಳು ಶಾಹಿಸ್ತಾ.

“ಈ ಸೈಟ್ ನಾನೇ ಮಾಡಿದ್ದು ಸಾರ್. ಕೆಳಗೆ ನನ್ನ ಹೆಸರೈತೆ, ನೋಡ್ರಿ.”

ಕಾರ್ಖಾನೆಯ ಸಾಹೇಬರು ಪುಟ ತೆರೆಸಿದರು. ಆಸ್ಪತ್ರೆಯ ವಿಳಾಸ ಬಂತು, ಅಲ್ಲಿಗೇ ಮುಗಿಯಿತು.

“ಎಲ್ಲೈತಮ್ಮ?”

ಹೆಸರು ತೆಗೆದ ಗುರುತಾದರೂ ಇರಬೇಕಲ್ಲ, ಅದೂ ಇಲ್ಲ. ಗುರುತು ಉಳಿಯದ ಹಾಗೆ ಬರೆದವಳು ಅವಳೇ. ಸುಳ್ಳುಬುರುಕಿ ಎನಿಸಿಕೊಂಡು ಎದ್ದು ಬಂದಳು.

ಬಸ್ಸಿಳಿದವಳೇ ಸೆಂಟರಿಗೆ ಹೋಗಿ ಕೇಳಿದರೆ, ವಾಮದೇವಪ್ಪ ಇಲ್ಲವೆನ್ನಲೂ ಇಲ್ಲ. “ಹೆಸ್ರು ಕಂಡ್ರೆ ಯಾರಾರ ನಿನ್ನ ಅವ್ರ ಕೆಲಸಕ್ಕೆ ಕರ್ಕಂಡು ಹೋಗ್ತಿದ್ರು. ಅದಕ್ಕೆ ಏರಿಸುವಾಗ ಆ ಕಾಲಂ ಖಾಲಿ ಮಾಡ್ತಿದ್ದೆ. ಯಾರಿಗೂ ಗೊತ್ತಾಗಲ್ಲ ಅಂತ ನೀನೇ ಹೇಳಿದ್ದಲ್ಲೇನು ಮಗಳೆ?”

ಬಾಯಿ ಬೆಲ್ಲ, ಕರುಳು ಕತ್ತರಿ. ಆ ಮನುಷ್ಯ ಎದುರಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಶಾಹಿಸ್ತಾ ಅವತ್ತೇ ಕೆಲಸ ಬಿಟ್ಟಳು. ಇದನ್ನೆಲ್ಲ ಪಕ್ಕದ ಮನೆಯ ನನ್ನೊಬ್ಬಳಿಗೇ ಹೇಳಿ ಅತ್ತಳು. ಅಷ್ಟರಲ್ಲಿ ಮಾಬೂಬೀ ಭಟ್ಟಿಯಿಂದ ಬಂದು, ತಲೆಯ ಮೇಲಿನ ಹೊಟ್ಟು ಕೊಡವುತ್ತ ಕೇಳಿದಳು:

“ಹರಿಹರದಾಗೂ ನಿನ್ನ ಹೆಸ್ರು ಕಾಣ್ತೈತೇನೆ?”

“ಕಾಣ್ತೈತಮ್ಮೀ,” ಎಂದಳು ಶಾಹಿಸ್ತಾ. “ಕೆಲಸ ಮಾತ್ರ ಬೇರೆಯವ್ರಿಗಾತು.”

ಮಾಬೂಬೀ ಇನ್ನೂ ಭಟ್ಟಿಗೆ ಹೋಗುತ್ತಾಳೆ. ಮಗಳ ಹೆಸರು ಹರಿಹರದಲ್ಲೂ ಕಾಣುತ್ತದೆ ಎಂದು ದಾರಿಯುದ್ದಕ್ಕೂ ಹೇಳುತ್ತಾಳೆ.