ತಳಿ ಹೇಳುತ್ತಿದ್ದ ಕೈ

ಪರಶುರಾಂಪುರದಲ್ಲಿ ನನಗೆ ಕುರಿ ವ್ಯಾಪಾರ ಕಲಿಸಿದ ದಲ್ಲಾಳಿ, ಮರಿಯ ಬೆನ್ನು ಸವರಿಯೇ ಅದು ಯಾರ ಟಗರಿಗೆ ಹುಟ್ಟಿದ್ದೆಂದು ಹೇಳುತ್ತಿದ್ದರು. "ತಳಿ ಸುಳ್ಳು ಹೇಳಲ್ಲ ಕಣ್ಲೇ" ಅನ್ನುವುದು ಅವರ ಮಾತು.

ಮೊಬೈಲು ಊರಿಗೆ ಬಂದ ಹೊಸದು. ಅವರ ಸಿದ್ದಾಪುರದ ದಾಯಾದಿಗಳು ತಮ್ಮದೂ ಅದೇ ಮನೆಹೆಸರು ಎಂದು, ಅವರಿಗೆ ಸಲ್ಲುತ್ತಿದ್ದ ಮನೆದೇವರ ಮೊದಲ ಪೂಜೆ ಕೇಳಿದರು. ದಲ್ಲಾಳಿ ಕೆರಳಿದರು. "ಗಂಡಸರ ಎಂಜಲು ನೋಡಿ ತಂದೆ ವಂಶ ಹೇಳೋ ಡಿಎನ್‌ಎ ಪರೀಕ್ಷೆ ಐತಂತೆ. ಎಲ್ಲಾರಿಗೂ ಮಾಡಿಸ್ತೀನಿ."

"ಬ್ಯಾಡ್ರಿ. ತಿರುಗಿ ಬಿದ್ರೆ ಏನ್ ಮಾಡ್ತೀರಿ, ಮೊದ್ಲು ಯೋಚಿಸ್ರಿ" ಎಂದೆ. ಇಂಥ ಪರೀಕ್ಷೆಗೆ ಹೊರಟರೆ ನಿಮಗೂ ಅದನ್ನೇ ಹೇಳುತ್ತೇನೆ. ಅವರು ನಕ್ಕರು.

ಕಾಗದ ಬಂತು. ಅವರ ತಮ್ಮ, ಸಿದ್ದಾಪುರದವರು ಎಲ್ಲ ಒಂದೇ ವಂಶ. ದಲ್ಲಾಳಿಯೊಬ್ಬರೇ ಬೇರೆ.

ಮೊದಲ ಪೂಜೆ ತಮ್ಮನಿಗೆ ಹೋಯಿತು. ಅಂದಿನಿಂದ ಅವರು ಅವ್ವ ಇಟ್ಟ ಮುದ್ದೆ ಮುಟ್ಟಲಿಲ್ಲ. ಚಳ್ಳಕೆರೆ ಸಂತೆಯಲ್ಲಿ ನಾನು ಮರಿ ಹಿಡಿದು ನಿಂತರೆ, ಕೈಯನ್ನು ಟವಲಿನೊಳಗೆ ಎಳೆದುಕೊಂಡು "ನೀನೇ ನೋಡ್ಕಳಲೇ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರ ಮನೆಯಿಂದ ಹೊರಡುವಾಗ ಅವರ ಅವ್ವ ಬಾಗಿಲಲ್ಲೇ ನನ್ನನ್ನು ತಡೆದಳು.

"ಆ ಕಾಗದದಾಗೆ ನನ್ನ ಹೆಸರು ಎಲ್ಲಾದ್ರೂ ಐತೇನಪ್ಪಾ?"

"ಇಲ್ಲವ್ವ."

"ಮತ್ತೆ ನನ್ನ ಮಗ ಯಾಕೆ ಉಣ್ಣಲ್ಲ?"

ನಾನು ಬಗ್ಗಿ ಚಪ್ಪಲಿ ಹುಡುಕತೊಡಗಿದೆ.