ಭಾವನ ಮುಂದೆ ಕೂತ ಅಧ್ಯಕ್ಷೆ

ಎದುರುಮನೆ ಅಕ್ಕ ನಿಂತರೆ ಥೇಟ್ ಕೊಕ್ಕರೆ. ಒಂದು ಕಾಲು ನೆಲದಲ್ಲಿ, ಇನ್ನೊಂದರ ಪಾದ ಹಿಂದಿನ ಗೋಡೆಗೆ. ಎಷ್ಟು ಸಲ ಸುಣ್ಣ ಬಳಿದರೂ ಆ ಪಾದದ ಕಲೆ ಗೋಡೆಯಲ್ಲಿ ಮತ್ತೆ ಮೂಡುತ್ತಿತ್ತು. ಗಂಡನ ಅಣ್ಣನ ಮುಂದೆ ಕುರ್ಚಿಯಲ್ಲಿ ಕೂರಬಾರದೆಂಬುದು ಆ ಮನೆಯ ಪದ್ಧತಿ. ಭಾವ ಇದ್ದದ್ದು ಪಕ್ಕದ ಮನೆಯಲ್ಲೇ, ದಿನವಿಡೀ ಬಂದು ಹೋಗುತ್ತಿದ್ದರು.

"ಅಕ್ಕಾ, ನಿಂಗ್ಯಾಕೆ ಮಂಡಿ? ಮುಂದಿನ ಜನ್ಮಕ್ಕೆ ಕಂಬವಾಗಿ ಹುಟ್ಟು," ಎಂದು ನಾನು ರೇಗಿಸುತ್ತಿದ್ದೆ.

"ಮುಚ್ಚೇ ಬಾಯಿ," ಎಂದು ಸೆರಗಿನ ಮರೆಯಲ್ಲಿ ನಗುತ್ತಿದ್ದಳು.

ಕ್ಯಾಲನೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಪಂಚಾಯಿತಿ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದಾಗ ಅವಳ ಯಜಮಾನರು ಅವಳನ್ನು ಚುನಾವಣೆಗೆ ಇಳಿಸಿದರು. ಗೆದ್ದಳು, ಅಧ್ಯಕ್ಷೆಯೂ ಆದಳು. ಮೊದಲ ಸಭೆಗೆ ಹೋದರೆ ಎದುರಿಗೆ ಸದಸ್ಯರಾಗಿ ಭಾವ! ಅಕ್ಕ ಗೋಡೆ ಹುಡುಕಿಕೊಂಡು ಕೊಕ್ಕರೆಯಾದಳು. "ಕುರ್ಚಿ ಖಾಲಿ ಬಿಟ್ರೆ ಚೆನ್ನಾಗಿರಲ್ಲ," ಎಂದು ಯಜಮಾನರೇ ಕೂತರು. ಊರು ಅವರನ್ನೇ ಅಧ್ಯಕ್ಷರೆಂದಿತು.

ಅಕ್ಕನಿಗೆ ಬೇಕಾಗಿದ್ದುದು ಒಂದೇ, ಡೈರಿ ದಾರಿಗೆ ಬೀದಿದೀಪ. ನಸುಕಿನಲ್ಲಿ ಹಾಲು ಹಾಕಲು ಹೋಗುವವರು ನಾವು ಹೆಂಗಸರೇ. ಆ ಕತ್ತಲೆಯಲ್ಲಿ ಬಿದ್ದು ನನ್ನ ಮುಂಗೈ ಮುರಿದಿತ್ತು. ಕೊನೆಗೆ ದೀಪವೇನೋ ಬಂತು, ಭಾವನ ಮನೆ ಮುಂದಕ್ಕೆ. ಅವತ್ತು ನಾನು ಎಷ್ಟು ರೇಗಿಸಿದರೂ ಅಕ್ಕ ನಗಲಿಲ್ಲ.

ಮುಂದಿನ ಸಭೆಯ ದಿನ ಹಾಲಿನ ಹೆಂಗಸರೆಲ್ಲ ಪಂಚಾಯಿತಿ ಬಾಗಿಲಲ್ಲಿ ನಿಂತಿದ್ದೆವು. ಅಕ್ಕ ನೇರ ಕುರ್ಚಿಯ ಹತ್ತಿರ ಹೋದಳು.

"ಏಳ್ರೀ."

"ಏನೇ ಇದು? ಅಣ್ಣ ಅವ್ರೆ, ಕಾಣಲ್ವಾ?" ಎಂದರು ಯಜಮಾನರು.

ಅಕ್ಕ ಭಾವನ ಕಡೆ ತಿರುಗಿದಳು. ಮದುವೆಯಾದಂದಿನಿಂದ ಅವರೊಡನೆ ನೇರ ಮಾತಾಡಿದವಳಲ್ಲ. "ಭಾವಾ, ತಪ್ಪು ತಿಳ್ಕೋಬೇಡಿ. ಮನೇಲಿ ನಿಂತೇ ಇರ್ತೀನಿ. ಇಲ್ಲಿ ಕೂತ್ಕೋತೀನಿ."

ಭಾವ ಕಿಟಕಿಯ ಕಡೆ ನೋಡುತ್ತಾ, "ಸರೇಲೇಮ್ಮಾ," ಎಂದರು.

ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ. ಆದರೆ ಡೈರಿ ದಾರಿಗೆ ದೀಪ ಬಂತು.

ಅವಧಿ ಮುಗಿಯಿತು. ಮೀಸಲಾತಿ ಬದಲಾದ ಮೇಲೆ ಅವಳನ್ನು ಯಾರೂ ಕೇಳಲಿಲ್ಲ. ಕೊಟ್ಟ ಮಾತಿನಂತೆ ಮನೆಯಲ್ಲಿ ಅದೇ ಗೋಡೆಗೆ ಒರಗಿ ನಿಂತೇ ಇದ್ದಳು.

ಹೋದ ತಿಂಗಳು ತೀರಿಕೊಂಡಳು. ನಮ್ಮಲ್ಲಿ ಸತ್ತವರನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. ಹೂವಿನ ಹಾರದೊಳಗೆ ಅಕ್ಕ ಭಾವನ ಎದುರಿಗೇ ಕೂತಿದ್ದಳು. ಹಿಂದೆ ದೊಡ್ಡ ಫ್ಲೆಕ್ಸು, ಅದರಲ್ಲಿ 'ಮಾಜಿ ಅಧ್ಯಕ್ಷರ ಧರ್ಮಪತ್ನಿ' ಎಂದು ಬರೆದಿತ್ತು.

"ಇದೇನಣ್ಣಾ, ಅಧ್ಯಕ್ಷೆ ಆಗಿದ್ದವಳು ಇವಳಲ್ವಾ?" ಎಂದೆ ಅಕ್ಕನ ಯಜಮಾನರಿಗೆ.

"ಎರಡೂ ಒಂದೇ ಬಿಡಮ್ಮಾ," ಎಂದರು.

ಅಕ್ಕ 'ಏಳ್ರೀ' ಎನ್ನುತ್ತಾಳೇನೋ ಎಂದು ಅವಳ ಮುಖವನ್ನೇ ನೋಡಿದೆ.

ಈಗಲೂ ನಸುಕಿನಲ್ಲಿ ಅವಳ ದೀಪದ ಬೆಳಕಿನಲ್ಲೇ ಹೆಜ್ಜೆ ನೋಡಿಕೊಂಡು ಡೈರಿಗೆ ಹೋಗುತ್ತೇನೆ. ಆ ಫ್ಲೆಕ್ಸು ತಿದ್ದಿಸಲು ನನ್ನಿಂದ ಆಗಲಿಲ್ಲ. ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದು ಕಲಿಸಿದ್ದಾಳೆ. ಒಂದೇ ಬೆರಳಲ್ಲಿ ಒತ್ತುತ್ತಿದ್ದೇನೆ: ನಮ್ಮೂರಿಗೆ ಅಧ್ಯಕ್ಷೆಯಾಗಿದ್ದವಳು ಅಕ್ಕ.