ಉಸ್ತಾದರು ಮುಚ್ಚುತ್ತಿದ್ದ ಕಣ್ಣು

೧೯೮೬ರಲ್ಲಿ ಏಳನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ಗೌಂಡಿ ಕೆಲಸಕ್ಕೆ ಸೇರಿದೆ. ಮೊದಲ ದಿನ ಕೆಲಸ ಕಲಿಸುವ ಉಸ್ತಾದರ ಮುಖ ಕಂಡು ಹೆದರಿದೆ. ಎಡಗಡೆ ಮುದುಕನ ಮುಖ, ಬಲಗಡೆ ಪ್ರಾಯದವನ ಮುಖ. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕಟ್ಟಿದ ಹಿತ್ತಾಳೆ ಗುಂಡನ್ನು ಇಳಿಬಿಟ್ಟು, ಎಡಗಣ್ಣು ಕಿವುಚಿ ಮುಚ್ಚಿ, ಬಲಗಣ್ಣಿನಿಂದ ನೋಡುವುದು ಅವರ ರೂಢಿ. ದಿನಕ್ಕೆ ನೂರು ಸಲ ಹಾಗೆ ಮುಚ್ಚಿ ಮುಚ್ಚಿ ಎಡಗೆನ್ನೆಯೆಲ್ಲ ಗಂಟು ಬಿಚ್ಚಿದ ಬಟ್ಟೆಯಂತೆ ನೆರಿಗೆ ಬಿದ್ದಿತ್ತು.

ಶಹಾಪುರದಿಂದ ಕೆಂಭಾವಿಯವರೆಗೆ ಅವರು ಕಟ್ಟಿದ ಗೋಡೆಗೆ ಯಾರೂ ಎರಡನೆಯ ಸಲ ಗುಂಡು ಬಿಟ್ಟು ನೋಡುತ್ತಿರಲಿಲ್ಲ. ಬಾಯಿ ಮಾತ್ರ ಬಹಳ ಕೆಟ್ಟದು. ಇಟ್ಟಿಗೆಯ ವರಸೆ ಸೊಟ್ಟಾದರೆ ಗಾರೆ ಮೆತ್ತುವ ಕರಣಿಯ ಹಿಡಿಯಿಂದ ಬೆರಳ ಗೆಣ್ಣಿಗೆ ಹೊಡೆದು, "ಇದು ಗೋಡಿ ಏನು, ಕುಡದವನ ನಡಿಗಿ ಏನು?" ಎನ್ನುತ್ತಿದ್ದರು. ನನಗೆ ಅನ್ನ ಕೊಟ್ಟ ವಿದ್ಯೆಯೆಲ್ಲ ಆ ಗೆಣ್ಣುಗಳ ಮೂಲಕವೇ ಒಳಗೆ ಬಂದದ್ದು.

ಇಪ್ಪತ್ತೈದು ವರ್ಷ ಅವರ ಕೈಕೆಳಗೆ ದುಡಿದೆ. ಆಮೇಲೊಂದು ದಿನ, ವಡಗೇರಾದ ಕೆಲಸದಲ್ಲಿ, ಉಸ್ತಾದರು ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಗುಂಡು ನೋಡಿದರು. ಬೇರೆ ಯಾರ ಲಕ್ಷ್ಯಕ್ಕೂ ಅದು ಬರಲಿಲ್ಲ. ಗೌಂಡಿ ಒಂದು ಕಣ್ಣು ಮುಚ್ಚಿದರೆ ಯಾವ ಕಣ್ಣು ಎಂದು ಯಾರು ಕೇಳುತ್ತಾರೆ? ಹತ್ತಿರ ಹೋಗಿ ನೋಡಿದೆ. ಬಲಗಣ್ಣಿನ ಪಾಪೆಯಲ್ಲಿ ಸುಣ್ಣದ ತಿಳಿಯಂಥ ಬಿಳುಪು.

"ಪೊರಿ ಬಂದೈತ್ರಿ ಉಸ್ತಾದ. ಸುರಪುರದಾಗ ಪುಕ್ಕಟೆ ತೆಗಿಯಾಕತ್ಯಾರ."

"ಬಾಯಿ ಮುಚ್ಚು. ಕಣ್ಣಿಗೆ ಪಟ್ಟಿ ಕಟ್ಕೊಂಡು ಕುಂತ ಗೌಂಡಿಗೆ ಯಾರು ಮನಿ ಕಟ್ಟಾಕ ಕೊಡ್ತಾರ? ಚಷ್ಮಾ ಹಾಕ್ಕೊಂಡ್ರಂತೂ ಮಣ್ಣು ಹೊರಾಕೂ ಕರಿಯೂದಿಲ್ಲ."

ವರ್ಷದೊಳಗೆ ಎಡಗಣ್ಣೂ ಮಂಜಾಯಿತು. ಆಗ ಹೊಸ ಉಪಾಯ ಹುಡುಕಿದರು. ಗುಂಡು ಇಳಿಬಿಟ್ಟು, ಎಂದಿನಂತೆ ಕಣ್ಣು ಕಿವುಚಿ, ಪರೀಕ್ಷೆ ಮಾಡುವವರ ಗತ್ತಿನಲ್ಲಿ ನನ್ನನ್ನು ಕೇಳುವುದು: "ಏ, ಗುಂಡು ಏನ್ ಹೇಳ್ತೈತಿ?" ನಾನು ನೋಡಿ, "ಒಂದು ನೂಲಿನಷ್ಟು ಒಳಗೈತ್ರಿ" ಎಂದೋ "ಸರಿ ಐತ್ರಿ" ಎಂದೋ ಹೇಳುವುದು. ಕೆಲಸದವರಿಗೆ ವಾಸನೆ ಹತ್ತಿತು. ಕರಣಿಯನ್ನು ಒಂದು ಗೇಣು ಆಚೆ ಸರಿಸಿಟ್ಟು, ಅವರು ತಡಕಾಡುವುದನ್ನು ನೋಡಿ ಕಿಸಿಯುತ್ತಿದ್ದರು.

"ಉಸ್ತಾದ, ಅಲ್ಲಿ ನಾಯಿ ಮಲಗೈತ್ರಿ. ಇಟ್ಟಂಗಿ ಅಂತ ಅದನ್ನೂ ಗೋಡ್ಯಾಗ ಇಟ್ಟೀರಿ!"

ನಾನೂ ನಗುತ್ತಿದ್ದೆ.

ಕೆಂಭಾವಿಯಲ್ಲಿ ನಿವೃತ್ತ ಗುಮಾಸ್ತರೊಬ್ಬರ ಮನೆ ಕಟ್ಟುವ ಕೆಲಸ ಹಿಡಿದಿದ್ದೆವು. ಒಂದು ಸಂಜೆ ಗುಮಾಸ್ತರು ನನ್ನನ್ನು ತೋರಿಸಿ, "ನಿಮ್ಮ ನಂತರ ಇವನೇ ಏನ್ರಿ?" ಎಂದು ಕೇಳಿದರು. ಉಸ್ತಾದರು ಎಲ್ಲರಿಗೂ ಕೇಳುವ ಹಾಗೆ ನಕ್ಕರು.

"ಇವನಾ? ಇಪ್ಪತ್ತೈದು ವರ್ಷ ಆತ್ರಿ ಸಾಹೇಬ್ರ, ಇವನ ಕೈಗೆ ದನದ ಕೊಟ್ಟಿಗಿ ಕಟ್ಟೂದು ಸುದ್ದಾ ಬಂದಿಲ್ಲ."

ಆ ಮನೆಯ ಒಂದೊಂದು ವರಸೆಯನ್ನೂ ನನ್ನ ಕಣ್ಣಿನಿಂದ ಇಟ್ಟವರು ಆಡಿದ ಮಾತು ಅದು.

ಮರುದಿನ ಗೋಡೆ ವಾಲಿ, ಗುಂಡು ಅದರಿಂದ ಒಂದು ಬೆರಳು ದೂರ ನಿಂತಿತ್ತು.

"ಏನ್ ಹೇಳ್ತೈತಿ?"

"ಸರಿ ಐತ್ರಿ."

ನಾಲ್ಕು ದಿನ, ಪ್ರತಿ ವರಸೆಗೂ ಅದನ್ನೇ ಹೇಳಿದೆ. ಐದನೆಯ ದಿನ ಬಡಿಗ ಬಾಗಿಲ ಚೌಕಟ್ಟು ತಂದು ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಾಗಲಾ ನೆಟ್ಟಗೈತಿ. ಗೋಡಿ ಬೀಗರಿಗೆ ನಮಸ್ಕಾರ ಮಾಡಾಕತ್ತೈತಿ!"

ಉಸ್ತಾದರು ಅಂಗೈಯನ್ನು ಗೋಡೆಯ ಮೇಲಿನಿಂದ ಕೆಳಗಿನವರೆಗೆ ಮೆಲ್ಲಗೆ ಎಳೆದರು. ಮುಖ ನನ್ನ ಕಡೆ ತಿರುಗಿತು. ಮಾತಾಡಿದ್ದು ಗುಮಾಸ್ತರ ಜೊತೆ: "ಕಣ್ಣು ಹೋಗ್ಯಾವ್ರಿ. ಮುಚ್ಚಿಟ್ಟಿದ್ದೆ." ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ, ಇಷ್ಟು ದಿನ ನನ್ನ ಕಣ್ಣಿನಿಂದ ಕಟ್ಟಿದ್ದನ್ನೂ ಹೇಳಬೇಕಾಗುತ್ತಿತ್ತು.

ಕೆಲಸ ನನಗೆ ಬಂತು. ಗೋಡೆ ಕೆಡವಿಸಿದೆ. ಹಳೆಯ ಇಟ್ಟಿಗೆಗೆ ಅಂಟಿದ ಸಿಮೆಂಟು ಕೆರೆಯಲು ಕಣ್ಣು ಬೇಕಿಲ್ಲ. ಆ ಕೂಲಿಯನ್ನು ಉಸ್ತಾದರಿಗೇ ಕೊಟ್ಟೆ. ಗುರುವನ್ನು ಕೈಬಿಡಲಿಲ್ಲ ಎಂದು ಊರವರು ನನ್ನನ್ನು ಹೊಗಳಿದರು. ಅವರು ನೆಲದ ಮೇಲೆ ಕುಂತು ತಮ್ಮ ಗೋಡೆಯನ್ನು ಒಂದೊಂದೇ ಇಟ್ಟಿಗೆಯಾಗಿ ಕೆರೆದು ಕೊಟ್ಟರು. ನಾನು ಅದನ್ನೇ ನೆಟ್ಟಗೆ ಕಟ್ಟಿದೆ.

ಎಷ್ಟೋ ದಿನದ ಮೇಲೆ ಉಸ್ತಾದರ ಮಗಳು ಅವರನ್ನು ಆಸ್ಪತ್ರೆಗೆ ಒಯ್ದಾಗ ಪೊರೆ ಹಣ್ಣಾಗಿ ಒಳಗಿನ ನರವೇ ಸತ್ತಿತ್ತು. ಮೊದಲೇ ಬಂದಿದ್ದರೆ ಅರ್ಧ ತಾಸಿನ ಕೆಲಸವಾಗಿತ್ತು ಎಂದರಂತೆ ಡಾಕ್ಟರು.

ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅದಕ್ಕೆ ವಾರ ಮೊದಲು ಹೋಗಿದ್ದೆ. ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದರು.

"ಗುಮಾಸ್ತರ ಗೋಡಿ ನೆಟ್ಟಗೈತೇನು?"

"ನೆಟ್ಟಗೈತ್ರಿ ಉಸ್ತಾದ."

"ನಿನ್ನ ಕೇಳಿದೆ ನೋಡು, ನಾ ಎಂಥ ಹುಚ್ಚ."

ಮಣ್ಣು ಕೊಟ್ಟು ಬಂದ ಮೇಲೆ ಮಗಳು ಅವರ ಗುಂಡನ್ನು ನನ್ನ ಕೈಗಿಟ್ಟಳು. ಬೇಡ ಅನ್ನಲಿಲ್ಲ.

ಈಗ ನನಗೆ ಶಹಾಪುರದಲ್ಲಿ ಎರಡಂತಸ್ತಿನ ಮನೆ ಒಂದು. ಕಾಂಕ್ರೀಟ್ ಕಲಸುವ ಯಂತ್ರ ಒಂದು. ಕರಣಿ ಆರು. ಉಸ್ತಾದರ ಹಿತ್ತಾಳೆ ಗುಂಡು ಒಂದು. ಕಣ್ಣು ಎರಡು, ಬಲಗಣ್ಣಿನಲ್ಲಿ ಬೇಸಿಗೆಯಿಂದ ಹೊಗೆ ಕವಿದ ಹಾಗೆ ಮಂಜು, ಮನೆಯಲ್ಲೂ ಹೇಳಿಲ್ಲ. ಗುಂಡು ಏನು ಹೇಳುತ್ತದೆ ಎಂದು ಕೇಳಿದರೆ "ಸರಿ ಐತ್ರಿ" ಎನ್ನುವ ಕೆಲಸಗಾರರು ಹನ್ನೊಂದು ಮಂದಿ.